ಚಪ್ಪಟೆ ಚಿತ್ರಕ್ಕೆ ಉಬ್ಬುತಗ್ಗು ಬರುವ ಬಗೆ

ಪುಸ್ತಕದ ಮುಖಪುಟದಲ್ಲಿ ಶೀರ್ಷಿಕೆ ಕಲ್ಲಿನ ಮೇಲೆ ಕೊರೆದಂತೆ ಕಾಣುತ್ತದೆ. ಬೆರಳಾಡಿಸಿದರೆ ಕಾಗದ ನುಣುಪು. ಉಬ್ಬೂ ಇಲ್ಲ, ತಗ್ಗೂ ಇಲ್ಲ. ಅಕ್ಷರದ ಒಂದು ಅಂಚಿನಲ್ಲಿ ತುಸು ಬೆಳಕು, ಎದುರಂಚಿನಲ್ಲಿ ತುಸು ಕತ್ತಲೆ, ಅಷ್ಟೇ. ಈಗ ಇಂಥ ಪರಿಣಾಮಗಳು ಒಂದು ಗುಂಡಿ ಒತ್ತಿದರೆ ಸಿದ್ಧವಾಗಿ ಸಿಗುತ್ತವೆ, ಎಲ್ಲೆಡೆ ಒಂದೇ ರೀತಿ ಕಾಣುವುದೂ ಅದಕ್ಕೇ. ನಮಗೆ ಬೇಕಾದ ಕಲ್ಲು, ನಮಗೆ ಬೇಕಾದ ಉಳಿಯ ಗುರುತು ಬೇಕೆಂದರೆ ಆಲ್ಫಾ ಚಾನೆಲ್‌ನ ದಾರಿ ಹಿಡಿಯಬೇಕು.

ಡಿಜಿಟಲ್ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಮೂರು ಸಂಖ್ಯೆಗಳಿರುತ್ತವೆ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಸಾಮಾನ್ಯವಾಗಿ ಪ್ರತಿಯೊಂದೂ 0ಯಿಂದ 255ರೊಳಗೆ. ಇಡೀ ಚಿತ್ರದಲ್ಲಿ ಇಂಥ ಒಂದೊಂದು ಬಗೆಯ ಸಂಖ್ಯೆಗಳ ಹಾಳೆಯೇ ಒಂದು ಚಾನೆಲ್. ಆಲ್ಫಾ ಎಂಬುದು ಇವುಗಳ ಜೊತೆಗೆ ಕೂರುವ ನಾಲ್ಕನೇ ಸಂಖ್ಯೆ. ಅದಕ್ಕೆ ತನ್ನದೇ ಆದ ಬಣ್ಣವಿಲ್ಲ. ತೆರೆದು ನೋಡಿದರೆ ಬರೀ ಕಪ್ಪು, ಬಿಳುಪು, ಬೂದು.

ಇದು ಹುಟ್ಟಿದ್ದು 1977ರ ಸುಮಾರಿಗೆ, ಅಮೆರಿಕದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ. ಅಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಕಂಪ್ಯೂಟರಿನಿಂದ ಚಿತ್ರ ಬಿಡಿಸುವ ಕೆಲಸದಲ್ಲಿದ್ದರು. ಒಂದೇ ವಸ್ತುವನ್ನು ಬೇರೆ ಬೇರೆ ಹಿನ್ನೆಲೆಯ ಮೇಲೆ ಇಡಬೇಕಾದರೆ ಅಂಚುಗಳು ಅಚ್ಚುಕಟ್ಟಾಗಿ ಬೆರೆಯಲೆಂದು ಪ್ರತಿ ಸಲವೂ ಇಡೀ ಲೆಕ್ಕವನ್ನು ಹೊಸದಾಗಿ ಮಾಡಬೇಕಿತ್ತು. ಆಗಿನ ಯಂತ್ರಗಳಿಗೆ ಅದು ಬಲು ನಿಧಾನದ ಕೆಲಸ. ಪ್ರತಿ ಪಿಕ್ಸೆಲ್ ಎಷ್ಟು ಮುಚ್ಚುತ್ತದೆ, ಎಷ್ಟು ಬಿಟ್ಟುಕೊಡುತ್ತದೆ ಎಂಬುದನ್ನೂ ಚಿತ್ರದ ಜೊತೆಗೇ ಉಳಿಸಿಟ್ಟರೆ ಯಾವ ಹಿನ್ನೆಲೆಯ ಮೇಲಾದರೂ ಇಡಬಹುದಲ್ಲ ಎಂಬ ವಿಚಾರ ಅಲ್ಲಿ ಹೊಳೆಯಿತು. ಸೊನ್ನೆ ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಮುಚ್ಚಿದ್ದು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಇದಕ್ಕೆ ಕ್ರಮಬದ್ಧ ಗಣಿತ ಕಟ್ಟಿದರು. 1996ರಲ್ಲಿ ನಾಲ್ವರಿಗೂ ಆಸ್ಕರ್ ಅಕಾಡೆಮಿಯ ತಾಂತ್ರಿಕ ಗೌರವ ಸಂದಿತು.

ಫೋಟೋಶಾಪ್ 1990ರಲ್ಲಿ ಬಂದಾಗ ಈ ಚಾನೆಲ್‌ಗಳು ಅದರೊಳಗಿದ್ದವು, ಲೇಯರ್‌ಗಳು (ಒಂದರ ಮೇಲೊಂದು ಇಡುವ ಪದರಗಳು) ಇರಲಿಲ್ಲ. ಲೇಯರ್ ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ನೆರಳು, ಉಬ್ಬು, ಹೊಳಪು ಏನೇ ಬೇಕಾದರೂ ವಿನ್ಯಾಸಕಾರರು ಒಂದು ಚಾನೆಲ್‌ನಿಂದ ಇನ್ನೊಂದನ್ನು ಕಳೆದು, ಕೂಡಿ, ಸರಿಸಿ ಸಾಧಿಸುತ್ತಿದ್ದರು. ಆ ತಲೆಮಾರಿನವರು ಚಾನೆಲ್‌ನ ಮರ್ಮವನ್ನು ನಮಗಿಂತ ಚೆನ್ನಾಗಿ ಅರಿತಿದ್ದರು ಎಂದೇ ನನ್ನ ಭಾವನೆ.

ಮರ್ಮ ಏನೆಂದರೆ, ಚಾನೆಲ್‌ನಲ್ಲಿರುವುದು ಸಂಖ್ಯೆ ಮಾತ್ರ, ಅರ್ಥವಲ್ಲ. ಅರ್ಥ ಬರುವುದು ಅದನ್ನು ಯಾರು ಹೇಗೆ ಓದುತ್ತಾರೆ ಎಂಬುದರಿಂದ. 128 ಎಂಬ ಸಂಖ್ಯೆಯನ್ನು ಪಾರದರ್ಶಕತೆ ಎಂದು ಓದಿದರೆ ಅರೆ ಮರೆ. ಆಯ್ಕೆ ಎಂದು ಓದಿದರೆ ಆ ಪಿಕ್ಸೆಲ್ ಅರ್ಧ ಆಯ್ಕೆಯಾಗಿದೆ. ಅದನ್ನೇ ಎತ್ತರ ಎಂದು ಓದಿದರೆ? ಬಿಳಿ ಬೆಟ್ಟವಾಗುತ್ತದೆ, ಕಪ್ಪು ಕಣಿವೆಯಾಗುತ್ತದೆ, ಬೂದು ನಡುವಿನ ಇಳಿಜಾರಾಗುತ್ತದೆ. ಫೋಟೋಶಾಪ್‌ನ ಲೈಟಿಂಗ್ ಎಫೆಕ್ಟ್ಸ್ ಫಿಲ್ಟರ್ ಮಾಡುವುದು ಇದನ್ನೇ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಇದೇ ಕೆಲಸಕ್ಕೆ ಬಂಪ್ ಮ್ಯಾಪ್ ಇದೆ. ಇದರ ಬೇರು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಜೇಮ್ಸ್ ಬ್ಲಿನ್ 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಮೇಲ್ಮೈಯನ್ನು ನಿಜವಾಗಿ ಸುಕ್ಕುಗಟ್ಟಿಸಬೇಕಿಲ್ಲ, ಬೆಳಕಿನ ಲೆಕ್ಕದಲ್ಲಿ ಅದರ ಓರೆಯನ್ನು ಬದಲಿಸಿದರೆ ಸಾಕು ಎಂದು ಅವರು ತೋರಿಸಿದರು.

ಹತ್ತಿರದಿಂದ ನೋಡೋಣ. ಚಾನೆಲ್‌ನ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ 100, 100, 130, 160, 160 ಎಂಬ ಸಂಖ್ಯೆಗಳಿವೆ. ಬೆಳಕು ಎಡಗಡೆಯಿಂದ ಬರುತ್ತಿದೆ ಎನ್ನಿ. ಅಕ್ಕಪಕ್ಕದ ಸಂಖ್ಯೆಗಳು ಒಂದೇ ಆಗಿರುವಲ್ಲಿ ನೆಲ ಸಮತಟ್ಟು, ಅಲ್ಲಿ ವಿಶೇಷವೇನೂ ಆಗದು. 100ರಿಂದ 160ಕ್ಕೆ ಏರುವ ಜಾಗ ಬೆಳಕಿಗೆ ಮುಖ ಕೊಟ್ಟಿದೆ. ಅಲ್ಲಿನ ಬಣ್ಣ ತಿಳಿಯಾಗುತ್ತದೆ. ಇಳಿಯುವಂತಿದ್ದರೆ ಬೆಳಕಿಗೆ ಬೆನ್ನು, ಬಣ್ಣ ಗಾಢವಾಗುತ್ತದೆ. ಇಲ್ಲಿ ಎಣಿಕೆಗೆ ಬರುವುದು ಎತ್ತರವಲ್ಲ, ಎತ್ತರದ ವ್ಯತ್ಯಾಸ. ಹೊಸಬರು ಅಚ್ಚ ಕಪ್ಪು ಹಿನ್ನೆಲೆಯಲ್ಲಿ ಅಚ್ಚ ಬಿಳಿ ಅಕ್ಷರ ಬರೆದು, ಫಿಲ್ಟರ್ ಹಾಕಿ, ಅಂಚಿನಲ್ಲೊಂದು ತೆಳು ಗೆರೆ ಬಿಟ್ಟು ಬೇರೇನೂ ಕಾಣದೆ ನಿರಾಶರಾಗುವುದು ಇದರಿಂದಲೇ. ಅಲ್ಲಿ ಇಳಿಜಾರೇ ಇಲ್ಲ, ನೇರ ಗೋಡೆ. ಚಾನೆಲ್‌ಗೆ ನಾಲ್ಕೈದು ಪಿಕ್ಸೆಲ್‌ನಷ್ಟು ಗಾಸಿಯನ್ ಬ್ಲರ್ (ಮಸುಕು) ಕೊಟ್ಟರೆ ಗೋಡೆ ಓರೆಯಾಗಿ, ಅಕ್ಷರಕ್ಕೆ ದಪ್ಪ ಬರುತ್ತದೆ.

ಗ್ರಾನೈಟ್ ಕಲ್ಲಿನಲ್ಲಿ ಕೊರೆದ ಅಕ್ಷರ ಬೇಕೆನ್ನಿ. ಹೊಸ ಚಾನೆಲ್‌ಗೆ ಮಧ್ಯಮ ಬೂದು ತುಂಬಿ, ನಾಯ್ಸ್ ಫಿಲ್ಟರಿನಿಂದ ಚುಕ್ಕಿ ಎರಚಿ, ಒಂದು ಪಿಕ್ಸೆಲ್ ಬ್ಲರ್ ಕೊಟ್ಟರೆ ಕಲ್ಲಿನ ತರಿ ಸಿದ್ಧ. ಅದರ ಮೇಲೆ ಕಪ್ಪಿನಲ್ಲಿ, ಅಂಚು ಮೃದುವಾಗಿಸಿ ಅಕ್ಷರ ತುಂಬಿದರೆ ತಳ ನುಣ್ಣಗಿರುತ್ತದೆ, ಯಂತ್ರದಿಂದ ಕೊರೆದ ಹಾಗೆ. ಮೊದಲು ಅಕ್ಷರ ಬರೆದು ಆಮೇಲೆ ಚುಕ್ಕಿ ಎರಚಿದರೆ ತಳವೂ ತರಿತರಿಯಾಗಿ ಉಳಿಯಿಂದ ಕೆತ್ತಿದಂತೆ ಕಾಣುತ್ತದೆ. ಹೆಜ್ಜೆಗಳ ಕ್ರಮ ಬದಲಾದರೆ ಕಲ್ಲುಕುಟಿಗನೇ ಬದಲಾದಂತೆ! ಅದೇ ಚುಕ್ಕಿಗಳಿಗೆ ಮೋಷನ್ ಬ್ಲರ್ ಕೊಟ್ಟರೆ ಉಜ್ಜಿದ ಸ್ಟೀಲು. ಕ್ಲೌಡ್ಸ್ ಫಿಲ್ಟರ್ ಬಳಸಿದರೆ ಹಳೆಯ ಗಾರೆಗೋಡೆ. ಮೂಲ ಚಿತ್ರದ ಬಣ್ಣಕ್ಕೆ ಯಾರೂ ಕೈಹಚ್ಚಿಲ್ಲವಾದ್ದರಿಂದ, ಒಂದೇ ಚಾನೆಲ್ಲನ್ನು ಬೇರೆ ಬೇರೆ ಫೋಟೋಗಳಿಗೂ ಬಳಸಬಹುದು.

ತೊಡಕೂ ಇದೆ. 256 ಮಟ್ಟಗಳು ಕಣ್ಣಿಗೆ ಸಾಕು, ಆದರೆ ಇಳಿಜಾರಿಗೆ ಸಾಲವು. ಸಾವಿರ ಪಿಕ್ಸೆಲ್ ಅಗಲದ ನಯವಾದ ಏರಿನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗೆ ಒಂದು ಮೆಟ್ಟಿಲು ಬರುತ್ತದೆ. ಬೂದು ಚಿತ್ರದಲ್ಲಿ ಅಡಗಿದ್ದ ಆ ಮೆಟ್ಟಿಲುಗಳನ್ನು ಬೆಳಕು ಎತ್ತಿ ತೋರಿಸುತ್ತದೆ, ಗದ್ದೆಯ ಬದುಗಳ ಹಾಗೆ. ಗಿಂಪ್‌ನಲ್ಲಿ ಬ್ಲರ್ ಮಾಡುವ ಮೊದಲೇ ಕಡತವನ್ನು 16 ಬಿಟ್‌ಗೆ ಬದಲಿಸಿಕೊಂಡರೆ ಹತ್ತಾರು ಸಾವಿರ ಮಟ್ಟಗಳು ಸಿಕ್ಕಿ ಇದು ಮಾಯವಾಗುತ್ತದೆ. ಉಳಿಸುವಾಗಲೂ ಎಚ್ಚರ ಬೇಕು. ಜೆಪೆಗ್‌ನಲ್ಲಿ ಆಲ್ಫಾಗೆ ಜಾಗವೇ ಇಲ್ಲ. ಪಿಎನ್‌ಜಿಯಲ್ಲಿ ಒಂದಕ್ಕೆ ಜಾಗವಿದೆ, ಆದರೆ ಅದನ್ನು ತೆರೆಯುವ ತಂತ್ರಾಂಶ ನಿಮ್ಮ ಬೆಟ್ಟಕಣಿವೆಗಳನ್ನು ಪಾರದರ್ಶಕತೆ ಎಂದೇ ಓದುತ್ತದೆ. ಪಿಎಸ್‌ಡಿ, ಟಿಫ್ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ಸುರಕ್ಷಿತ.

ಸವೆದ ಶಾಸನ ಓದುವವರು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುವುದರ ಹಿಂದೆಯೂ ಇಳಿಜಾರು ಮತ್ತು ಬೆಳಕಿನ ಇದೇ ಭೌತವಿಜ್ಞಾನವಿದೆ. ನೆತ್ತಿಯ ಬಿಸಿಲಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಅಂಥ ದಾಖಲೆಯಲ್ಲಿ ಎತ್ತರ ಕಲ್ಪಿಸಿದ್ದಲ್ಲ, ಕಲ್ಲಿನಿಂದಲೇ ಅಳೆದದ್ದು.

ಕೊನೆಗೂ ಉಬ್ಬುತಗ್ಗನ್ನು ಕಟ್ಟುವುದು ನೋಡುವವರ ಮಿದುಳು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ಅದು ಮೊದಲೇ ಎಣಿಸಿಕೊಂಡಿರುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೇಲ್ಭಾಗ ತಿಳಿಯಾದ ವೃತ್ತಗಳು ಉಬ್ಬುಗಳಂತೆಯೂ ಕೆಳಭಾಗ ತಿಳಿಯಾದವು ಗುಳಿಗಳಂತೆಯೂ ಕಂಡವು. ಮುಖಪುಟವನ್ನು ತಲೆಕೆಳಗು ಹಿಡಿದು ನೋಡಿ, ಕೊರೆದ ಅಕ್ಷರಗಳು ಬಹುಮಟ್ಟಿಗೆ ಉಬ್ಬಿ ನಿಲ್ಲುತ್ತವೆ. ಆದ್ದರಿಂದ ಫಿಲ್ಟರಿನ ದೀಪವನ್ನು ಚಿತ್ರದ ಮೇಲ್ಭಾಗದಲ್ಲಿಡಿ. ಅದಕ್ಕೂ ಮೊದಲು ಮೂಲ ಫೋಟೋದಲ್ಲಿ ನೆರಳು ಯಾವ ಕಡೆ ಬಿದ್ದಿದೆ ನೋಡಿಕೊಳ್ಳಿ. ಕಲ್ಲಿನ ನೆರಳು ಎಡಕ್ಕೂ ಅಕ್ಷರದ ನೆರಳು ಬಲಕ್ಕೂ ಬಿದ್ದರೆ, ಏನು ತಪ್ಪಾಗಿದೆ ಎಂದು ಹೇಳಲಾಗದವರಿಗೂ ಆ ಪುಟ ಸರಿಯಿಲ್ಲ ಎನ್ನಿಸುತ್ತದೆ.