ಬಿಡದಿಯ ಗಾಡಿಗೆ ಬೆಲೆ ಕಟ್ಟಿದ್ದು ಯಾರು?

2022ರ ನವೆಂಬರ್ 25ರಂದು ಮುಂಬೈನಲ್ಲಿ ಟೊಯೊಟಾ ಕಂಪನಿ ಹೊಸ ಇನ್ನೋವಾ ಹೈಕ್ರಾಸ್‌ ಮೇಲಿನ ಪರದೆ ಸರಿಸಿತು. ಎಂಜಿನ್ ಯಾವುದು, ಲೀಟರಿಗೆ ಎಷ್ಟು ಕಿಲೋಮೀಟರ್, ಏರ್‌ಬ್ಯಾಗ್ ಎಷ್ಟು, ಮಧ್ಯದ ಸೀಟಿನಲ್ಲಿ ಕೂತವರು ಕಾಲು ಹೇಗೆ ಚಾಚಬಹುದು, ಎಲ್ಲವನ್ನೂ ಹೇಳಿತು. ಬೆಲೆಯೊಂದನ್ನು ಬಿಟ್ಟು. 50 ಸಾವಿರ ರೂಪಾಯಿ ಕಟ್ಟಿಸಿಕೊಳ್ಳುವ ಬುಕಿಂಗ್ ಮಾತ್ರ ಅಂದೇ ಶುರುವಾಯಿತು. ಜನ ಕಟ್ಟಿದರು ಕೂಡ. ಬೆಲೆ ಹೊರಬಿದ್ದದ್ದು ಡಿಸೆಂಬರ್ 28ಕ್ಕೆ. ಜಾನುವಾರು ಜಾತ್ರೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಕುದುರಿಸುವ ವ್ಯಾಪಾರದಲ್ಲೂ ಮುಂಗಡ ಕೊಡುವವನಿಗೆ ರೇಟು ಗೊತ್ತಿರುತ್ತದೆ. ಇಲ್ಲಿ ಅದೂ ಇರಲಿಲ್ಲ.

ಆ ಒಂದು ತಿಂಗಳ ಊಹಾಪೋಹದಲ್ಲಿ ಫೀಚರ್‌ಗಳ ಊಹೆ ಸುಲಭದ್ದು. ಅದೇ ಗಾಡಿ ನಾಲ್ಕು ದಿನ ಮೊದಲೇ ಇಂಡೊನೇಷ್ಯಾದಲ್ಲಿ ಇನ್ನೋವಾ ಜೆನಿಕ್ಸ್ ಎಂಬ ಹೆಸರಿನಲ್ಲಿ ಹೊರಬಂದಿತ್ತು. ಅಲ್ಲಿದ್ದದ್ದರಲ್ಲಿ ಇಲ್ಲಿಗೆ ಏನು ಬರುತ್ತದೆ, ಏನು ಬಿಟ್ಟುಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಮುಗಿಯಿತು. ಬೆಲೆಯ ಊಹೆಗೆ ಅಷ್ಟು ಸಾಲದು. ಅದಕ್ಕೆ ಈ ಗಾಡಿಯ ವಂಶಾವಳಿಯೇ ಬೇಕು, ಆ ವಂಶಾವಳಿ ಶುರುವಾಗುವುದು ನಮ್ಮ ಬೆಂಗಳೂರು–ಮೈಸೂರು ರಸ್ತೆಯಲ್ಲಿ.

1997ರಲ್ಲಿ ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ ಕಂಪನಿ ಕಟ್ಟಿದವು. 1999ರ ಕೊನೆಗೆ ಬಿಡದಿಯ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. ಇಂಡೊನೇಷ್ಯಾದಲ್ಲಿ ಆಗಲೇ ಹಳತಾಗಿದ್ದ ಕಿಜಾಂಗ್ ಗಾಡಿಯ ಭಾರತೀಯ ರೂಪ ಅದು. ನೋಡಲು ಪೆಟ್ಟಿಗೆ. ಜಪಾನಿನ ದೊಡ್ಡ ಹೆಸರಿನವರು ಇದನ್ನೇ ತರಬೇಕಿತ್ತೇ ಎಂದು ಮೂಗು ಮುರಿದವರಿಗೆ ಬರವಿರಲಿಲ್ಲ. ಕೆಲವು ಮಾದರಿಗಳಲ್ಲಿ ಹಿಂದಿನ ಸೀಟುಗಳು ಎದುರುಬದುರು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಆದರೆ ಅದೇ ಹೊತ್ತಿಗೆ ಬೆಂಗಳೂರಿನ ಕಾಲ್ ಸೆಂಟರ್‌ಗಳಿಗೆ ರಾತ್ರಿಯೆಲ್ಲ ಜನರನ್ನು ತುಂಬಿಕೊಂಡು ತಿರುಗುವ, ಕೆಟ್ಟು ನಿಲ್ಲದ ಗಾಡಿ ಬೇಕಿತ್ತು. ಅಲ್ಲಿಯವರೆಗೆ ಟಾಟಾ ಸುಮೋ ಓಡಿಸುತ್ತಿದ್ದವರು ಇದಕ್ಕೆ ಬದಲಾದರು. ಐದು ವರ್ಷದ ಹೊತ್ತಿಗೆ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, ಕಂಪನಿ ಕ್ವಾಲಿಸ್ ಅನ್ನು ನಿಲ್ಲಿಸಿಬಿಟ್ಟಿತು.

ಅದರ ಜಾಗಕ್ಕೆ 2005ರ ಫೆಬ್ರವರಿಯಲ್ಲಿ ಇನ್ನೋವಾ ಬಂತು. ಹೈಲಕ್ಸ್ ಪಿಕಪ್ಪಿಗೂ ಫಾರ್ಚೂನರಿಗೂ ಬಳಸಿದ ಗಟ್ಟಿ ಚಾಸಿಯ ಬಳಗವೇ ಇದಕ್ಕೂ ತಳಪಾಯ. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಟ್ರಾವೆಲ್ಸ್‌ನವರಿಗೆ ಫೋನ್ ಮಾಡಿ ಧರ್ಮಸ್ಥಳಕ್ಕೋ ತಿರುಪತಿಗೋ ಗಾಡಿ ಕೇಳಿದರೆ ನಡೆಯುತ್ತಿದ್ದ ಮಾತು ಇಷ್ಟೇ: “ಯಾವ ಗಾಡಿ ಕಳಿಸ್ಲಿ ಸಾರ್?” “ಇನ್ನೋವಾನೇ ಕಳ್ಸಿ, ಹಿಂದೆ ಅಮ್ಮ ಕೂರ್ತಾರೆ.” ಕಿಲೋಮೀಟರಿಗೆ ಎರಡು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ ಎನ್ನುವ ಗಿರಾಕಿಗಳು ಹುಟ್ಟಿಕೊಂಡದ್ದು ಹೀಗೆ. ಟ್ಯಾಕ್ಸಿಯಾಗಿ ಓಡಿದ ಗಾಡಿಯನ್ನು ಮನೆಗೆ ತರಲು ಜನ ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಇನ್ನೋವಾ ವಿಷಯದಲ್ಲಿ ಉಲ್ಟಾ. ಯೆಲ್ಲೋ ಬೋರ್ಡಿನ ಡ್ರೈವರ್ ಕೊಟ್ಟ ಶಿಫಾರಸಿಗೆ ವೈಟ್ ಬೋರ್ಡಿನ ಕುಟುಂಬಗಳು ದುಡ್ಡು ಕೊಟ್ಟವು. ಶಾಸಕರ ಮನೆಯಂಗಳದಲ್ಲೂ ಅದೇ, ಮದುವೆ ದಿಬ್ಬಣದಲ್ಲೂ ಅದೇ.

ಈ ನಂಬಿಕೆಯನ್ನು ಕಂಪನಿ ನಗದು ಮಾಡಿಕೊಂಡದ್ದು ಇನ್ನೋವಾದ ಮುಂದಿನ ತಲೆಮಾರಾದ ಕ್ರಿಸ್ಟಾದಲ್ಲಿ. 2016ರ ಮೇನಲ್ಲಿ ಅದು ಬಂದಾಗ ಆರಂಭಿಕ ಬೆಲೆ, ಮುಂಬೈ ಎಕ್ಸ್‌ಶೋರೂಂ, 13.84 ಲಕ್ಷ. ಟೂರಿಸ್ಟ್ ಗಾಡಿಗೆ ಇಷ್ಟು ಕೊಡುವವರು ಯಾರು ಎಂದು ಕೇಳಿದವರಿಗೆ ಶೋರೂಂ ಮುಂದಿನ ಕ್ಯೂ ಉತ್ತರ ಕೊಟ್ಟಿತು. ಆ ವರ್ಷ ನಿಜವಾದ ತಲೆನೋವು ತಂದದ್ದು ಬೆಲೆಯಲ್ಲ, ದೆಹಲಿ. ಎರಡು ಸಾವಿರ ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ರಾಜಧಾನಿ ವಲಯದಲ್ಲಿ ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲೇ ತಡೆದಿತ್ತು. ಕ್ರಿಸ್ಟಾದ ಎರಡೂ ಡೀಸೆಲ್ ಎಂಜಿನ್‌ಗಳು ಆ ಗೆರೆಯ ಆಚೆ. 2.7 ಲೀಟರಿನ ಪೆಟ್ರೋಲ್ ಮಾದರಿ ಆಗಸ್ಟಿನಲ್ಲಿ ಬಂತು, ಅದೇ ತಿಂಗಳು ತಡೆಯೂ ತೆರವಾಯಿತು. ಆದರೆ ಡೀಸೆಲ್ಲೊಂದನ್ನೇ ನಂಬಿ ಮುಂದಿನ ಇನ್ನೋವಾ ಮಾಡುವಂತಿಲ್ಲ ಎಂಬುದು ಆ ಎಂಟು ತಿಂಗಳಲ್ಲೇ ತೀರ್ಮಾನವಾಗಿಹೋಯಿತು ಎಂದು ನನ್ನ ಅನಿಸಿಕೆ.

ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲವೇ ಇಲ್ಲ. ಪ್ರತ್ಯೇಕ ಚಾಸಿಯೂ ಇಲ್ಲ, ಇಡೀ ಮೈಯೇ ಕಾರಿನ ಹಾಗೆ ಒಂದೇ ಚೌಕಟ್ಟು. ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಎರಡು ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಮೋಟಾರು, ಬ್ಯಾಟರಿ ಜೋಡಿಸಿದ ಹೈಬ್ರಿಡ್ ಮಾದರಿಯ ಪ್ರಮಾಣಿತ ಮೈಲೇಜು ಲೀಟರಿಗೆ 23.24 ಕಿ.ಮೀ. ಇಗ್ನಿಷನ್ ಗುಂಡಿ ಒತ್ತಿದರೆ ಸದ್ದೇ ಬರುವುದಿಲ್ಲ; ಗೇರ್ ಹಾಕಿದಾಗ ಬ್ಯಾಟರಿಯಲ್ಲೇ ಜಾರಿಕೊಂಡು ಹೊರಡುತ್ತದೆ, ಎಂಜಿನ್ ಎಲ್ಲೋ ಮುಂದೆ ಹೋದಮೇಲೆ ಸೇರಿಕೊಳ್ಳುತ್ತದೆ. ಚಾಸಿ ಹೋದದ್ದರಿಂದ ಒಳಗೆ ಜಾಗ ಸಿಕ್ಕಿದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕ್ರಿಸ್ಟಾಕ್ಕಿಂತ 100 ಮಿ.ಮೀ. ಹೆಚ್ಚು. ಟಾಪ್ ಮಾದರಿಯ ಮಧ್ಯದ ಸಾಲಿನಲ್ಲಿ ಗುಂಡಿ ಒತ್ತಿದರೆ ಮೀನಖಂಡದ ಕೆಳಗೊಂದು ಮೆತ್ತೆ ಎದ್ದುಬಂದು ಕಾಲನ್ನು ಎತ್ತಿ ಹಿಡಿಯುತ್ತದೆ. ಕ್ವಾಲಿಸ್‌ನಲ್ಲಿ ಮೊಣಕಾಲು ತಾಗಿಸಿ ಕೂತವರಿಗೆ ಇದು ಬೇರೆಯದೇ ಲೋಕ. ಮೂತಿ ಎತ್ತರಿಸಿ, ಚಕ್ರದ ಕಮಾನು ದಪ್ಪ ಮಾಡಿ ಎಸ್‌ಯುವಿಯ ಗತ್ತನ್ನೂ ಕೊಟ್ಟಿದ್ದಾರೆ.

ಹಳಬರಿಗೆ ಸಮಾಧಾನವಾಗಲಿಲ್ಲ. ಎಂಟು ಜನ ತುಂಬಿ ಘಾಟಿ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಮಣ್ಣುರಸ್ತೆಯಲ್ಲಿ ಮುಂದಿನ ಚಕ್ರ ಹಿಡಿತ ಬಿಡುವುದೇ ಆಗ ಎಂಬುದು ಅವರ ತಕರಾರು. ಅದು ಸುಳ್ಳಲ್ಲ. 2023ರ ಆರಂಭದಲ್ಲಿ ಕಂಪನಿ ಡೀಸೆಲ್ ಕ್ರಿಸ್ಟಾವನ್ನು ಮತ್ತೆ ತಂದಿತು. ಮಾರ್ಚಿನಲ್ಲಿ ಅದರ ಬೆಲೆ 19.13 ಲಕ್ಷದಿಂದ ಶುರು. ಅಪ್ಪನೂ ಮಗನೂ ಒಂದೇ ಅಂಗಡಿಯಲ್ಲಿ ಕೂತಂತಾಯಿತು.

ಹೈಕ್ರಾಸ್‌ ಅನಾವರಣಕ್ಕೆ ವಿಕ್ರಮ್ ಕಿರ್ಲೋಸ್ಕರ್ ಮುಂಬೈಗೆ ಹೋಗಿದ್ದರು. ಟೊಯೊಟಾವನ್ನು ಬಿಡದಿಗೆ ತಂದವರಲ್ಲಿ ಪ್ರಮುಖರು. ಅದಾಗಿ ನಾಲ್ಕೇ ದಿನಕ್ಕೆ, ನವೆಂಬರ್ 29ರಂದು, ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಕೊನೆಯ ದೊಡ್ಡ ಗಾಡಿಯ ಬೆಲೆ ಆಗಿನ್ನೂ ಘೋಷಣೆಯಾಗಿರಲಿಲ್ಲ.

ಬೆಲೆ ಬಂದಾಗ 18.30 ಲಕ್ಷದಿಂದ 28.97 ಲಕ್ಷದವರೆಗೆ ಇತ್ತು. ತುದಿಯ ಮಾದರಿಗಳು ದುಬಾರಿಯಾದವು, ಮಾರಾಟವಾಗಲಿಕ್ಕಿಲ್ಲ ಎಂದವರ ಊಹೆ ತಿರುಗುಮುರುಗಾಯಿತು. 2023ರ ಏಪ್ರಿಲ್‌ನಲ್ಲಿ ಕಂಪನಿ ಬುಕಿಂಗ್ ನಿಲ್ಲಿಸಬೇಕಾಗಿ ಬಂದದ್ದು ಆ ತುದಿಯ ಎರಡು ಹೈಬ್ರಿಡ್ ಮಾದರಿಗಳಿಗೇ. ಬೇಡಿಕೆಯಷ್ಟು ಪೂರೈಸಲು ಆಗುತ್ತಿರಲಿಲ್ಲ. ಆ ವರ್ಷದ ಜುಲೈನಲ್ಲಿ ಇದೇ ಗಾಡಿ ಮಾರುತಿಯ ಇನ್ವಿಕ್ಟೊ ಆಗಿ 24.79 ಲಕ್ಷದ ಆರಂಭಿಕ ಬೆಲೆಗೆ ಬಂತು. ಅದೂ ಬಿಡದಿಯದೇ.

ಊಹಿಸುವವರು ಎಡವುವುದು ತೆರಿಗೆಯಲ್ಲಿ. ಭಾರತದಲ್ಲಿ 2025ರ ಸೆಪ್ಟೆಂಬರ್‌ವರೆಗೆ ದೊಡ್ಡ ಗಾಡಿಯ ಬೆಲೆಯ ಮೂರನೇ ಒಂದರಷ್ಟು ಕಾರ್ಖಾನೆಗೆ ಸಂಬಂಧವೇ ಇಲ್ಲದ್ದಾಗಿತ್ತು. ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ತಳ ನೆಲದಿಂದ ಕನಿಷ್ಠ 170 ಮಿ.ಮೀ. ಎತ್ತರ ಇದ್ದರೆ ಗಾಡಿಯನ್ನು ಏನೆಂದು ಕರೆದರೂ ಶೇ 22 ಸೆಸ್ ಎಂದು 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಹೇಳಿತು. ಶೇ 28ರ ಜಿಎಸ್‌ಟಿ ಸೇರಿ ಒಟ್ಟು ಶೇ 50. ಹೈಬ್ರಿಡ್ಡಿಗೆ ಅದು ಶೇ 43 ಇತ್ತು. ಹೈಬ್ರಿಡ್ ಮೇಲೆ ಕಂಪನಿ ಇಷ್ಟು ಒಲವು ತೋರಿದ್ದಕ್ಕೆ ಮೈಲೇಜಿನಷ್ಟೇ ಈ ಬಗೆಯ ತೆರಿಗೆ ಅಂತರವೂ ಕಾರಣವಿರಬೇಕು. 2020ರಲ್ಲಿ ಇದೇ ಕಂಪನಿಯ ಉಪಾಧ್ಯಕ್ಷರೊಬ್ಬರು ಇಲ್ಲಿಯ ತೆರಿಗೆಯ ಭಾರದ ಬಗ್ಗೆ ಬಹಿರಂಗವಾಗಿ ಬೇಸರ ತೋಡಿಕೊಂಡು, ಆಮೇಲೆ ಕಂಪನಿ ಸಮಾಧಾನ ಹೇಳಬೇಕಾಗಿ ಬಂದಿತ್ತು.

2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಎನ್ನದೆ ದೊಡ್ಡ ಗಾಡಿಗಳಿಗೆ ಶೇ 40 ಆಯಿತು. ಕ್ರಿಸ್ಟಾದ ಬೆಲೆ ಗರಿಷ್ಠ 1.80 ಲಕ್ಷ ಇಳಿದರೆ, ಹೈಕ್ರಾಸ್‌ನದ್ದು 1.15 ಲಕ್ಷ. ಡೀಸೆಲ್ಲಿಗೆ ಹೆಚ್ಚು ಲಾಭ, ಹೈಬ್ರಿಡ್ಡಿಗಿದ್ದ ವಿಶೇಷ ರಿಯಾಯಿತಿ ಮಾಯ.

ಇದರ ಮೇಲೆ ರಾಜ್ಯದ ರಸ್ತೆ ತೆರಿಗೆ ಬೇರೆ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಶೇ 18 ಆಜೀವ ತೆರಿಗೆ, ಆ ತೆರಿಗೆಯ ಮೇಲೆ ಸೆಸ್. ಮೊದಲು ಘೋಷಣೆಯಾದ 28.97 ಲಕ್ಷದ ಮಾದರಿಗೆ ತೆರಿಗೆಯೇ 5.21 ಲಕ್ಷ, ಸೆಸ್ ಪ್ರತ್ಯೇಕ. ಬಿಡದಿಯಲ್ಲೇ ತಯಾರಾಗುವ ಈ ಗಾಡಿಯನ್ನು ಕಾರ್ಖಾನೆಯ ಗೇಟಿನೆದುರು ಮನೆ ಮಾಡಿಕೊಂಡವರು ಕೊಂಡರೆ, ಮುನ್ನೂರು ಕಿಲೋಮೀಟರ್ ಆಚೆಯ ಪುದುಚೇರಿಯವರಿಗಿಂತ ಲಕ್ಷಗಟ್ಟಲೆ ಹೆಚ್ಚು ಕೊಡಬೇಕು.