ಹ್ವೇ ಪಟ್ಟಣದಲ್ಲಿ ಊಟ ಎಲ್ಲಿ?

ಪರದೇಶಕ್ಕೆ ಹೊರಟವರನ್ನು ಮೊದಲು ಕಾಡುವ ಪ್ರಶ್ನೆ ಊಟದ್ದು. ಭಾರತದಿಂದ ನೇರ ವಿಮಾನಗಳು ಹೆಚ್ಚಿದ ಮೇಲೆ ವಿಯೆಟ್ನಾಮಿಗೆ ಹೋಗಿಬರುವ ನಮ್ಮವರೂ ಹೆಚ್ಚಿದ್ದಾರೆ. ಇವರಲ್ಲಿ ಅನೇಕರು ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿ, ಉಳಿದುದಕ್ಕೆ ಭಾರತೀಯ ಹೋಟೆಲನ್ನು ಹುಡುಕಿಕೊಂಡು, ಆ ನಾಡಿನ ಒಂದು ತುತ್ತನ್ನೂ ಬಾಯಿಗಿಡದೆ ಹಿಂದಿರುಗುವುದುಂಟು. ಅವರನ್ನು ದೂರುವಂತಿಲ್ಲ. ಯಾವುದು ಎಲ್ಲಿ ಸಿಕ್ಕುತ್ತದೆ, ಅದರೊಳಗೆ ಏನು ಬೆರೆತಿದೆ ಎಂಬುದು ತಿಳಿಯದಿದ್ದರೆ ಕೈ ಹಿಂಜರಿಯುವುದು ಸಹಜವೇ. ಆದರೆ ಅಕ್ಕಿಯನ್ನು ನೆನೆಸಿ, ರುಬ್ಬಿ, ಎಲೆಯಲ್ಲಿ ಮಡಿಚಿ, ಹಬೆಯಲ್ಲಿ ಬೇಯಿಸುವ ನಾಡಿನವರು, ಅದನ್ನೇ ಮಾಡುವ ಇನ್ನೊಂದು ನಾಡಿಗೆ ಹೋಗಿ ಹಸಿದು ಬರುವುದೆಂದರೇನು? ಈ ದೃಷ್ಟಿಯಿಂದ ಆ ದೇಶದ ಒಂದು ಊರಿನ ವಿಚಾರವನ್ನು ಇಲ್ಲಿ ಹೇಳುವುದುಂಟು. ಅದು ಹ್ವೇ.

ಹ್ವೇ ಇರುವುದು ವಿಯೆಟ್ನಾಮಿನ ನಡುಭಾಗದಲ್ಲಿ, ಸುಗಂಧ ನದಿ ಎಂದು ಹೆಸರಾದ ಹೊಳೆಯ ಎರಡು ದಡಗಳ ಮೇಲೆ. 1802ರಿಂದ 1945ರವರೆಗೆ ಅದು ನ್ಗುಯೆನ್ ವಂಶದ ಅರಸರ ರಾಜಧಾನಿಯಾಗಿದ್ದಿತು. ಉತ್ತರದ ದಡದಲ್ಲಿ ಅವರ ಕೋಟೆ, ಅರಮನೆ. ದಕ್ಷಿಣದ ದಡದಲ್ಲಿ ಫ್ರೆಂಚರ ಕಾಲದಿಂದ ಬೆಳೆದ ಹೊಸ ಪೇಟೆ. ಎರಡಕ್ಕೂ ನಡುವೆ ತ್ರುವಾಂಗ್ ತಿಯೆನ್ ಎಂಬ ಕಬ್ಬಿಣದ ಕಮಾನು ಸೇತುವೆ. ಅಲ್ಲಿಯ ಸ್ಮಾರಕಗಳು 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗಳು ಹೋಗುವುದು ಅವುಗಳನ್ನು ನೋಡಲೆಂದೇ. ಆದರೆ ವಿಯೆಟ್ನಾಮಿನವರಲ್ಲಿ ಹ್ವೇ ಎಂದರೆ ಮೊದಲು ನೆನಪಾಗುವುದು ಊಟ, ತಿಂಡಿ.

ಈ ಊರಿನಲ್ಲಿ ಊಟ ಎಲ್ಲಿ ಎಂದು ಕೇಳುವ ಮೊದಲು, ಈಗ ಗಂಟೆ ಎಷ್ಟು ಎಂದು ಕೇಳಿಕೊಳ್ಳಬೇಕು. ನಮ್ಮ ಹೋಟೆಲುಗಳಲ್ಲಿ ಇಡ್ಲಿಯಿಂದ ಪೂರಿಯವರೆಗೆ ಎಲ್ಲವೂ ಒಂದೇ ಹಲಗೆಯ ಮೇಲೆ ಬರೆದಿರುತ್ತದೆ. ಹ್ವೇಯಲ್ಲಿ ಹಾಗಲ್ಲ. ಒಳ್ಳೆಯ ಅಂಗಡಿ ಮಾಡುವುದು ಒಂದೇ ತಿನಿಸನ್ನು. ಹೆಚ್ಚೆಂದರೆ ಒಂದೇ ಬಳಗಕ್ಕೆ ಸೇರಿದ ಮೂರು ನಾಲ್ಕನ್ನು. ಅದಕ್ಕೊಂದು ಹೊತ್ತು ಉಂಟು. ಬೆಳಗಿನದು ಬೆಳಗ್ಗೆ, ಸಂಜೆಯದು ಸಂಜೆ. ಹಂಡೆ ಖಾಲಿಯಾದರೆ ಅಂಗಡಿಯೂ ಮುಚ್ಚಿತು. ನಾಲ್ಕು ಭಾಷೆಗಳಲ್ಲಿ, ಬಣ್ಣದ ಚಿತ್ರಗಳೊಡನೆ, ನೂರು ತಿನಿಸುಗಳ ಪಟ್ಟಿಯನ್ನು ಕೈಗೆ ಕೊಡುವ ಹೋಟೆಲು ಅಲ್ಲಿಯವರಿಗಾಗಿ ಇರುವುದಲ್ಲ.

ಅಂಗಡಿಯ ಬೋರ್ಡನ್ನು ಓದುವುದೂ ಕಷ್ಟವಲ್ಲ. ವಿಯೆಟ್ನಾಮಿನವರು ಬಳಸುವುದು ರೋಮನ್ ಲಿಪಿ. ಮೊದಲು ತಿನಿಸಿನ ಹೆಸರು. ಅದರ ಮುಂದೆ ಅನೇಕ ಕಡೆ ಮಾಡುವಾಕೆಯ ಹೆಸರು, ಅದಕ್ಕೊಂದು ಸಂಬಂಧದ ಮಾತು. 'ಓ' ಎಂದರೆ ಆ ಊರಿನ ಆಡುಮಾತಿನಲ್ಲಿ ಸೋದರತ್ತೆ. 'ಮೇ' ಎಂದರೆ ಅಜ್ಜಿ. ಇಂಥ ಅತ್ತೆಯ ಶ್ಯಾವಿಗೆ, ಇಂಥ ಅಜ್ಜಿಯ ಕಡುಬು ಎಂದು ಬರೆದಿದ್ದರೆ, ಒಳಗೆ ಒಲೆಯ ಮುಂದೆ ಒಬ್ಬ ಹೆಂಗಸು ಅದೊಂದನ್ನೇ ವರ್ಷಗಟ್ಟಲೆ ಮಾಡುತ್ತ ಬಂದಿರುವಳೆಂದು ತಿಳಿಯಬಹುದು. ಅಂಗಡಿಗಳ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ. ಅವು ಇಂದು ಇಲ್ಲಿ, ನಾಳೆ ಅಲ್ಲಿ. ಕೇರಿಗಳು ಹಾಗೆ ಅತ್ತಿತ್ತ ಹೋಗುವುದಿಲ್ಲ.

ಬೆಳಗಿನ ತಿಂಡಿ ಬುನ್ ಬೋ. ಬುನ್ ಎಂದರೆ ನಮ್ಮ ಒತ್ತುಶ್ಯಾವಿಗೆಯ ತಂಗಿ. ನಾವು ಹಿಟ್ಟನ್ನು ಬೇಯಿಸಿ ಒರಳಿನಲ್ಲಿ ಒತ್ತುತ್ತೇವೆ. ಅವರು ಅಕ್ಕಿಯನ್ನು ನೆನೆಸಿ, ಹುಳಿ ಬರಿಸಿ, ರುಬ್ಬಿ, ಕುದಿಯುವ ನೀರಿನೊಳಕ್ಕೇ ಒತ್ತುತ್ತಾರೆ. ಊರಾಚೆ ಬೋ ನದಿಯ ದಡದಲ್ಲಿ ವಾನ್ ಕೂ ಎಂಬ ಹಳ್ಳಿಯುಂಟು. ತಲೆಮಾರುಗಳಿಂದ ಅಲ್ಲಿಯವರ ಕಸುಬೇ ಇದು. ಊರು ಏಳುವ ಮೊದಲೇ ಶ್ಯಾವಿಗೆ ಅಲ್ಲಿಂದ ಹೊರಡುತ್ತದೆ. ಅದರ ಮೇಲೆ ಎರೆಯುವ ಸಾರಿನಲ್ಲಿ ದನದ ಮಾಂಸ, ಹಂದಿಯ ಕಾಲು, ಮಜ್ಜಿಗೆಹುಲ್ಲು, ಮೆಣಸಿನಕಾಯಿ, ಉಪ್ಪಿನಲ್ಲಿ ಕಳಿಸಿದ ಸಣ್ಣ ಸಿಗಡಿಯ ಮುದ್ದೆ ಎಲ್ಲವೂ ಸೇರಿರುತ್ತವೆ. ಹನೋಯಿ ನಗರದ ಹೆಸರುವಾಸಿಯಾದ ಫೋ ಇದರ ಮುಂದೆ ಸಪ್ಪೆ ಎಂದು ಹ್ವೇಯವರ ಜಂಬ. ಖಾರದ ವಿಷಯದಲ್ಲಿ ಅವರ ಮಾತು ನಿಜ. ವರ್ಷದ ಕೊನೆಯ ತಿಂಗಳುಗಳಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡದ ಊರು ಅದು. ಆ ಥಂಡಿಗೆ ಈ ಖಾರ ಬೇಕು ಎನ್ನುತ್ತಾರೆ. ಮಾಂಸ ತಿನ್ನುವವರು ಬೆಳಗ್ಗೆ 7 ಗಂಟೆಗೆ ಹೋದರೆ ಒಳ್ಳೆಯದು. ತಿನ್ನದವರು ಸ್ವಲ್ಪ ತಾಳಬೇಕು. ಅವರ ಬುನ್ ಬೋ ಬೇರೆ ಉಂಟು, ಮುಂದೆ ಹೇಳುತ್ತೇನೆ.

ಬೆಳಗಿನದೇ ಇನ್ನೊಂದು ತಿನಿಸು ಕಮ್ ಹೇನ್. ನನ್ನ ಎಣಿಕೆಯಲ್ಲಿ ಹ್ವೇ ಊರಿನ ಗುಣವನ್ನು ತಿಳಿಯಲು ಇದಕ್ಕಿಂತ ಬೇರೆ ತಿನಿಸಿಲ್ಲ. ಸೇತುವೆಯಿಂದ ಪೂರ್ವಕ್ಕೆ, ವೀ ಯಾ ಎಂಬ ಭಾಗದ ಎದುರಿಗೆ, ನದಿಯ ನಡುವೆ ಒಂದು ಕುದುರು. ಅದರ ಹೆಸರು ಕೋನ್ ಹೇನ್, ಚಿಪ್ಪುಗಳ ಕುದುರು. ನಮ್ಮ ಕರಾವಳಿಯವರು ಮರುವಾಯಿ, ಬಳಚು ಎನ್ನುವ ಜಾತಿಯವೇ, ಆದರೆ ಉಗುರಿನಷ್ಟು ಸಣ್ಣವು. ಕುದುರಿನ ಜನ ಅವನ್ನು ಹೊಳೆಯ ತಳದಿಂದ ಬಾಚಿ ತೆಗೆದು, ಕುದಿಸಿ, ತಿರುಳನ್ನು ಬಿಡಿಸಿ ಮಾರಿ ಬದುಕಿದವರು. ತಿನಿಸಿನ ಬುಡ ತಣ್ಣಗಿನ ಅನ್ನ. ಅದರ ಮೇಲೆ ಹುರಿದ ಚಿಪ್ಪಿನ ತಿರುಳು, ಹೆಚ್ಚಿದ ಬಾಳೆಹೂವು, ಕೆಸುವಿನ ದಂಟು, ಧಾರೆಹುಳಿಯ ಹೋಳು, ಘಮಘಮಿಸುವ ಸೊಪ್ಪುಗಳು, ಹುರಿದ ಕಡಲೆಕಾಯಿ, ಎಳ್ಳು, ಕರಿದ ಹಂದಿಯ ಚರ್ಮದ ಚೂರು, ಸಿಗಡಿಮುದ್ದೆ, ಮೆಣಸಿನಕಾಯಿ. ಚಿಪ್ಪು ಬೇಯಿಸಿದ ಬಿಸಿನೀರು ಬೇರೆ ಬಟ್ಟಲಿನಲ್ಲಿ. ಒಂದೊಂದೂ ಚಿಟಿಕೆಯಷ್ಟು, ಒಂದೂ ದುಬಾರಿಯದಲ್ಲ. ತಂಗಳನ್ನವನ್ನು ಸಾಗಿಸುವ ಬಡವರ ಉಪಾಯ ಹತ್ತು ಹದಿನೈದು ರುಚಿಗಳ ಬಟ್ಟಲಾಗಿ ನಿಂತಿತು. ಕುದುರಿನ ಮೇಲೂ, ಅದಕ್ಕೆ ಹೋಗುವ ಬೀದಿಗಳಲ್ಲೂ ಈ ಅಂಗಡಿಗಳಿವೆ. ಹೆಗಲ ಮೇಲೆ ಅಡ್ಡೆ ಹೊತ್ತು ಮಾರುವ ಹೆಂಗಸರೂ ಉಂಟು. ಮಧ್ಯಾಹ್ನಕ್ಕೆ ಹೋದರೆ ಸಿಕ್ಕದಿರಬಹುದು.

ಎಲ್ಲವನ್ನೂ ಒಂದೇ ಸೂರಿನ ಕೆಳಗೆ ನೋಡಬೇಕೆನ್ನುವವರಿಗೆ ದೋಂಗ್ ಬಾ ಮಾರುಕಟ್ಟೆ. ಇದು ಉತ್ತರ ದಡದಲ್ಲಿ, ಸೇತುವೆಯ ಪಕ್ಕದಲ್ಲೇ ಇದೆ. ಈಗಿನ ಜಾಗಕ್ಕೆ ಬಂದದ್ದು 1899ರಲ್ಲಿ. ಒಳಗೆ ಗಿಡ್ಡ ಸ್ಟೂಲುಗಳ ಮೇಲೆ ಮೊಣಕಾಲು ಮಡಿಸಿ ಕುಳಿತು ತಿನ್ನುವ ಸಾಲುಂಟು. ಬೆಲೆ ಹತ್ತು ಸಾವಿರಗಳ ಲೆಕ್ಕದಲ್ಲಿ ಹೇಳಿದರೆಂದು ಗಾಬರಿಯಾಗಬೇಕಾದುದಿಲ್ಲ. 2025ರಲ್ಲಿ ನಮ್ಮ 1 ರೂಪಾಯಿಗೆ ಅಲ್ಲಿಯ ಹಣ ಸುಮಾರು 300 ಡಾಂಗ್ ಬರುತ್ತಿತ್ತು. ಕುಳಿತುಕೊಳ್ಳುವ ಮೊದಲೇ ಬೆಲೆ ಕೇಳುವುದು ಲೇಸು. ಜನ ಕಿಕ್ಕಿರಿದಿರುವಲ್ಲಿ ತಿಂದರೆ ಹೊಟ್ಟೆಗೂ ಕ್ಷೇಮ.

ಮಧ್ಯಾಹ್ನ 3 ಗಂಟೆಯಾದ ಮೇಲೆ ಕಡುಬುಗಳ ಹೊತ್ತು. ನಮ್ಮ ಮನೆಯ ಹೆಂಗಸರು ಹೆಚ್ಚು ಗಮನಿಸುವುದು ಇವನ್ನೇ ಎಂದು ಬೇರೆ ಹೇಳಬೇಕಾಗಿಲ್ಲ. ಬಾನ್ ಬೆಯೋ ಎಂಬುದು ಅಂಗೈಯಗಲದ ಪುಟ್ಟ ಪಿಂಗಾಣಿ ಬಟ್ಟಲಿನಲ್ಲೇ ಹಬೆಯಲ್ಲಿ ಬೆಂದ ತೆಳು ಅಕ್ಕಿಹಿಟ್ಟಿನ ಬಿಲ್ಲೆ. ಹೊಳೆಯ ಮೇಲೆ ತೇಲುವ ಅಂತರಗಂಗೆಯಂಥ ಗಿಡದಿಂದ ಆ ಹೆಸರು. ಮೇಲೆ ಒಣ ಸಿಗಡಿಯ ಪುಡಿ. ಬಾನ್ ನಾಮ್ ಎಂಬುದು ಎಲೆಯಲ್ಲಿ ಚಪ್ಪಟೆಯಾಗಿ ಮಡಿಚಿ ಬೇಯಿಸಿದ ಅಕ್ಕಿಯ ಕಡುಬು. ಬಿಚ್ಚಿದಾಗ ಬರುವ ವಾಸನೆ ಅರಿಸಿನೆಲೆಯ ಕಡುಬನ್ನು ಬಲ್ಲವರಿಗೆ ಅಪರಿಚಿತವೆನ್ನಿಸದು. ಬಾನ್ ಬೋತ್ ಲೋಕ್ ಮರಗೆಣಸಿನ ಹಿಟ್ಟಿನದು. ಬೆಂದ ಮೇಲೆ ಗಾಜಿನಂತಾಗಿ ಒಳಗಿನ ಸಿಗಡಿ ಹೊರಗೆ ಕಾಣುತ್ತದೆ. ಈ ಮೂರನ್ನೂ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಮಾಡುತ್ತಾರೆ. ಕೋಟೆಯ ಪೂರ್ವಕ್ಕಿರುವ ಹಳೆಯ ಬೀದಿಗಳಲ್ಲಿ, ನ್ಗುಯೆನ್ ಬಿನ್ ಖಿಯೆಮ್ ಬೀದಿಯ ಸುತ್ತಮುತ್ತ ಕೇಳಿದರೆ ತೋರಿಸುತ್ತಾರೆ. ಸಂಜೆಯ ಗರಿಗರಿಯಾದ ಅಕ್ಕಿದೋಸೆ ಬಾನ್ ಖೊಯಾಯ್ ಬೇಕಾದರೆ ಕೋಟೆಯ ತುವಾಂಗ್ ತು ಬಾಗಿಲ ಹತ್ತಿರ ಹೋಗಬೇಕು.

ಇಷ್ಟೊಂದು ಪುಟ್ಟ ಪುಟ್ಟ ಬಟ್ಟಲುಗಳೇಕೆ ಎಂದರೆ ಅರಮನೆಯ ಕಡೆ ಬೆರಳು ತೋರಿಸುತ್ತಾರೆ. ಬಡಿಸುವುದು ಕೊಂಚ, ಬಗೆ ಬಹಳ, ಕಣ್ಣಿಗೂ ಚೆಂದ ಎಂಬುದು ದರಬಾರಿನ ರೀತಿ. ಆ ರಾಜಬಳಗಕ್ಕೆ ಸೊಸೆಯಾಗಿ ಬಂದ ತ್ರುವಾಂಗ್ ಥಿ ಬಿಕ್ ಎಂಬ ಮಹಿಳೆ 100 ಅಡುಗೆಗಳನ್ನು 100 ಚೌಪದಿಗಳಲ್ಲಿ ಹೇಳಿ ಒಂದು ಪುಸ್ತಕ ರಚಿಸಿದಳು. ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದ ನಮ್ಮ ಮೂರನೆಯ ಮಂಗರಸನನ್ನು ಬಲ್ಲವರಿಗೆ ಇದು ಸಂತೋಷದ ಸುದ್ದಿಯಲ್ಲವೆ? ಈಗ ಪ್ರವಾಸಿಗಳಿಗೆ ರೇಷ್ಮೆಯ ನಿಲುವಂಗಿ ತೊಡಿಸಿ, ಅರಸನ ಕಿರೀಟವಿಟ್ಟು, ಕ್ಯಾರೆಟ್ಟಿನಲ್ಲಿ ಕೆತ್ತಿದ ಹಕ್ಕಿಗಳೊಡನೆ ರಾಜಭೋಜನ ಬಡಿಸುವ ಹೋಟೆಲುಗಳೂ ಇವೆ. ಫೋಟೋ ಚೆನ್ನಾಗಿ ಬಂದೀತು. ಊಟಕ್ಕೆ ಮಾತ್ರ ಅಜ್ಜಿಯ ಕಡುಬೇ ಮೇಲು.

ಇನ್ನು ಸಸ್ಯಾಹಾರಿಗಳ ಮಾತು. ಅವರಿಗೆ ಅಲ್ಲಿ ಮೋಸವಾಗುವುದು ಮಾಂಸದಿಂದಲ್ಲ, ಮೀನಿನ ರಸದಿಂದ. ಸಣ್ಣ ಮೀನುಗಳನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಪೀಪಾಯಿಯಲ್ಲಿಟ್ಟು ಇಳಿಸಿದ ನುವಕ್ ಮಾಮ್ ಎಂಬ ಈ ರಸ ಅವರಿಗೆ ಉಪ್ಪಿನ ಸ್ಥಾನದಲ್ಲಿದೆ. ಮಾಂಸ ಬೇಡ ಎಂದರೆ ಮಾಂಸದ ತುಂಡುಗಳನ್ನು ತೆಗೆದು, ಅದೇ ಸಾರನ್ನೂ ಅದೇ ರಸವನ್ನೂ ಹಾಕಿ ನಗುನಗುತ್ತ ಕೊಟ್ಟಾರು. ಅವರ ಮನಸ್ಸಿನಲ್ಲಿ ಕಪಟವಿಲ್ಲ. ಕೇಳಿದುದನ್ನು ಕೊಟ್ಟರು, ಅಷ್ಟೆ. ಆದುದರಿಂದ ಕಲಿತುಕೊಳ್ಳಬೇಕಾದ ಮಾತು ಒಂದೇ: 'ಚಾಯ್'. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರಗಳು. ಕಿವಿಗೆ ಚಹದಂತೆ ಕೇಳಿದರೂ ಅದರ ಅರ್ಥ ಬೌದ್ಧರ ವ್ರತದ ಆಹಾರ. 'ತೊಯ್ ಆನ್ ಚಾಯ್', ನಾನು ಚಾಯ್ ಉಣ್ಣುವವನು ಎಂದರೆ ಅಡುಗೆಯವಳಿಗೆ ಎಲ್ಲವೂ ತಿಳಿಯುತ್ತದೆ. ಮೀನಿನ ರಸ ಹೋಗಿ ಸೋಯಾದ ರಸ ಬರುತ್ತದೆ. ಮಠದ ಅಡುಗೆಯಾದರೆ ಈರುಳ್ಳಿ, ಬೆಳ್ಳುಳ್ಳಿಗಳೂ ಹೊರಗೆ.

ಚಾಯ್ ಅಂಗಡಿ ಎಲ್ಲ ದಿನವೂ ಸಿಕ್ಕುತ್ತದೆ, ವಿಶೇಷವಾಗಿ ದೇವಾಲಯಗಳ ಸುತ್ತ. ಆದರೆ ಅವರ ಚಾಂದ್ರಮಾಸದ 1ನೆಯ ಮತ್ತು 15ನೆಯ ದಿನ ಊರಿನ ರೀತಿಯೇ ಬೇರೆ. ಮಾಂಸ ತಿನ್ನುವ ಮನೆಗಳಲ್ಲೂ ಅಂದು ಚಾಯ್. ಕೆಲವರು ಹಿಂದಿನ ದಿನವನ್ನೂ ಸೇರಿಸಿ ತಿಂಗಳಿಗೆ 4 ದಿನ ಹಿಡಿಯುತ್ತಾರೆ. ಅಂದು ಬೆಳಗ್ಗೆ ಬುನ್ ಬೋ ಕೂಡ ಅಣಬೆ, ತೋಫುಗಳ ಸಾರಿನಲ್ಲಿ ಸಿಗುತ್ತದೆ. ಕಡುಬುಗಳಿಗೆ ಹೆಸರುಬೇಳೆಯ ಹೂರಣ ಬರುತ್ತದೆ. ಎಳೆಯ ಹಲಸಿನಕಾಯಿಯನ್ನು ಬೇಯಿಸಿ ಎಳ್ಳಿನೊಡನೆ ಕಲಸಿದ ಪಲ್ಯವನ್ನು ಮಲೆನಾಡಿನವರೂ ಮಂಗಳೂರಿನವರೂ ಅವಶ್ಯ ತಿಂದು ನೋಡಬೇಕು. ಆ 1ನೆಯ ದಿನ ನಮ್ಮ ಅಮಾವಾಸ್ಯೆಗೋ ಪಾಡ್ಯಕ್ಕೋ ಬೀಳುತ್ತದೆ. 15ನೆಯದು ಹುಣ್ಣಿಮೆಯ ಆಸುಪಾಸು. ಹೀಗಾಗಿ ಹ್ವೇಗೆ ಹೋಗುವ ಸಸ್ಯಾಹಾರಿ ಟಿಕೆಟ್ಟು ಕೊಳ್ಳುವ ಮೊದಲು ಗೋಡೆಯ ಪಂಚಾಂಗವನ್ನು ನೋಡಿಕೊಳ್ಳುವುದು ಒಳ್ಳೆಯದು. ಅಮಾವಾಸ್ಯೆಯ ಪ್ರಯಾಣ ಬೇಡ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಒಂದು ದಿನ ಮೊದಲೇ ಹೊರಡಬಹುದು.

ಚಾಯ್ ಎಂಬುದು ಅಲ್ಲಿ ನಾಲಗೆಯ ಸಂಗತಿ ಮಾತ್ರವಲ್ಲ. 1963ರ ಮೇ 8, ಬುದ್ಧ ಜಯಂತಿಯ ದಿನ. ಬೌದ್ಧ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರದ ಕಟ್ಟಳೆಯಾಗಿತ್ತು. ಹಬ್ಬದ ಭಾಷಣವನ್ನು ಕೇಳಲೆಂದು ಜನ ಸೇತುವೆಯ ಬಳಿಯ ಹ್ವೇ ರೇಡಿಯೋ ನಿಲಯದ ಮುಂದೆ ನೆರೆದಿದ್ದರು. ಭಾಷಣ ಪ್ರಸಾರವಾಗಲಿಲ್ಲ. ಸೈನಿಕರು ಜನರ ಮೇಲೆ ನುಗ್ಗಿದರು. ಮಕ್ಕಳೂ ಸೇರಿ ಹಲವರು ಸತ್ತರು. ಆ ವರ್ಷ ನವೆಂಬರಿನಲ್ಲಿ ಸೈಗಾನಿನ ಸರ್ಕಾರವೇ ಉರುಳುವವರೆಗೆ ಅದರ ಕಾವು ಆರಲಿಲ್ಲ. ಅಂಥ ಊರಿನಲ್ಲಿ ಹುಣ್ಣಿಮೆಯ ದಿನ ಚಾಯ್ ಕೇಳುವ ಪರದೇಶಿಯನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿರಬೇಕು. ಚಾಯ್ ಅಂಗಡಿಯ ತಟ್ಟೆಯಲ್ಲಿ ಮೀನಿನ ತುಂಡು, ಹಂದಿಯ ಹೋಳು ಎಂಬಂತೆ ಕಾಣುವುದೇನಾದರೂ ಬಂದೀತು. ಅದು ಸೋಯಾ, ಗೋಧಿ, ಅಣಬೆಗಳಿಂದ ಮಾಡಿದ್ದು. ತಿಂಗಳಿಗೆರಡು ದಿನ ಮಾಂಸ ಬಿಡುವವರಿಗೆ ಆ ರೂಪದ ಮೇಲೆ ಆಸೆ. ಹುಟ್ಟಿನಿಂದ ತಿನ್ನದ ನಮ್ಮವರಿಗೆ ಅದನ್ನು ನೋಡಿದರೆ ವಾಕರಿಕೆ. ತೋಫು, ಸೊಪ್ಪು, ತರಕಾರಿಗಳನ್ನು ಬೆರಳಿನಿಂದ ತೋರಿಸಿ ಹಾಕಿಸಿಕೊಂಡರೆ ಈ ತೊಂದರೆಯಿಲ್ಲ.

ರಾತ್ರಿಗೆ ಚೆ. ಇದು ನಮ್ಮ ಪಾಯಸದ ಬಳಗದ್ದು, ಗಾಜಿನ ಲೋಟದಲ್ಲಿ ಬಿಸಿಯಾಗಿಯೋ ಪುಡಿಮಾಡಿದ ಮಂಜುಗಡ್ಡೆಯೊಡನೆಯೋ ಕೊಡುತ್ತಾರೆ. ದಕ್ಷಿಣ ದಡದ ಹುಂಗ್ ವುವಾಂಗ್ ಬೀದಿಯ ಓಣಿಗಳಲ್ಲಿ ಹತ್ತಾರು ಬೋಗುಣಿಗಳ ಸಾಲಿನ ಹಿಂದೆ ಮಾರುವವರು ಕುಳಿತಿರುತ್ತಾರೆ. ಹೆಸರುಬೇಳೆಯದು, ಕೆಂಪು ಕಾಳಿನದು, ಚಿಪ್ಪುಗಳ ಕುದುರಿನಲ್ಲೇ ಬೆಳೆದು ಹೆಸರಾದ ಎಳೆಯ ಜೋಳದ್ದು, ತೆಂಗಿನ ಹಾಲಿನದು. ಎಲ್ಲಕ್ಕಿಂತ ಮೇಲಾದದ್ದು ತಾವರೆ ಬೀಜದ್ದು. ಕೋಟೆಯೊಳಗಿನ ತಿನ್ ತಾಮ್ ಕೊಳದ ಬೀಜಕ್ಕೆ ಅರಸರ ಕಾಲದಿಂದಲೂ ಹೆಸರು. ಸಿಹಿಯಲ್ಲಿ ಮೋಸವೇನಿದೆ ಎನ್ನುವಂತಿಲ್ಲ. ಪಾರದರ್ಶಕವಾದ ಮರಗೆಣಸಿನ ಉಂಡೆಗಳು ಸಕ್ಕರೆಪಾಕದಲ್ಲಿ ತೇಲುವ ಒಂದು ಬೋಗುಣಿ ಆ ಸಾಲಿನಲ್ಲಿರುತ್ತದೆ. ನೋಡಿದರೆ ಒಳಗೆ ಕೊಬ್ಬರಿ ಇದ್ದಂತೆ ಕಾಣುತ್ತದೆ. ಇರುವುದು ಹುರಿದ ಹಂದಿಯ ಮಾಂಸ. ಅದರ ಹೆಸರಿನ ಕೊನೆಯಲ್ಲಿ 'ಹೆಯೋ ಕ್ವಾಯ್' ಎಂದಿರುತ್ತದೆ. ಅದೊಂದನ್ನು ಬಿಟ್ಟು ಉಳಿದ ಯಾವುದಕ್ಕೆ ಬೇಕಾದರೂ ಬೆರಳು ತೋರಿಸಬಹುದು.