ರಾತ್ರಿ ಬಿಡಾರ ಎಲ್ಲಿ?

ಜರ್ಮನಿಯ ಮೋಸೆಲ್ ನದಿ ದಂಡೆಯ ಊರುಗಳಲ್ಲಿ ಬೇಸಿಗೆಯ ಸಂಜೆ ಕಾಣುವ ನೋಟ ಇದು. ಮೇಲೆ ಕಡಿದಾದ ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ, ಕೆಳಗೆ ನದಿಗೆ ಮುಖ ಮಾಡಿ ಸಾಲಾಗಿ ನಿಂತ ಬಿಳಿ ಮೋಟರ್‌ಹೋಮ್‌ಗಳು. ಆಗಷ್ಟೇ ಬಂದ ಗಾಡಿಯಿಂದ ಗಂಡ ಇಳಿದು ಚಕ್ರದ ಮುಂದೆ ಪ್ಲಾಸ್ಟಿಕ್ ಬೆಣೆ ಇಡುತ್ತಾನೆ. ಒಳಗೆ ಹೆಂಡತಿ ಮೇಜಿನ ಮೇಲೆ ನೀರಿನ ಲೋಟ ಇಟ್ಟು, ನೀರು ಯಾವ ಕಡೆಗೆ ವಾಲುತ್ತದೆ ನೋಡಿ, ಇನ್ನೊಂಚೂರು ಮುಂದೆ ಎಂದು ಕೂಗುತ್ತಾಳೆ. ಗಾಡಿ ಸಮವಾಗಿ ನಿಲ್ಲದಿದ್ದರೆ ರಾತ್ರಿಯೆಲ್ಲ ತಲೆ ತಗ್ಗಿನಲ್ಲಿಟ್ಟು ಮಲಗಬೇಕು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಕೂಡ ಸರಿಯಾಗಿ ತಣ್ಣಗಾಗದು. ಆಮೇಲೆ ನೀಲಿ ಪ್ಲಗ್ಗಿನ ಉದ್ದನೆಯ ವೈರು ಎಳೆದು ಕಂಬಕ್ಕೆ ಸಿಕ್ಕಿಸಿದರೆ ಮನೆ ಸಿದ್ಧ.

ಇಂಥ ಜಾಗಕ್ಕೆ ಜರ್ಮನ್ನರು ಸ್ಟೆಲ್‌ಪ್ಲಾಟ್ಸ್ ಎನ್ನುತ್ತಾರೆ, ಫ್ರೆಂಚರು ಏರ್, ಇಟಲಿಯವರು ಸೋಸ್ತಾ. ಮೋಟರ್‌ಹೋಮಿನ ಚರಿತ್ರೆ ಬರೆಯುವವರು ಹೆಚ್ಚಾಗಿ ಎಂಜಿನ್ನು, ಹಾಸಿಗೆ, ಒಲೆಗಳ ಕಥೆ ಹೇಳುತ್ತಾರೆ. ಗಾಡಿ ಕಟ್ಟುವುದು ಬಡಗಿಗೂ ಮೆಕ್ಯಾನಿಕ್ಕಿಗೂ ಬರುವ ಕೆಲಸ. ಆದರೆ ಊರಿಗೆ ಬಂದ ಅಪರಿಚಿತನಿಗೆ ಒಂದು ರಾತ್ರಿ ನಿಲ್ಲಲು ಜಾಗ ಕೊಡುವುದಕ್ಕೆ ಇಡೀ ಊರೇ ಒಪ್ಪಬೇಕು. ಹಾಗಾಗಿ ಜಾಗದ ಕಥೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆ ಕಥೆ ಕುದುರೆಗಳಿಂದ ಶುರುವಾಗುತ್ತದೆ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದ ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ಲಿನ ರೈಲುಬೋಗಿ ಕಾರ್ಖಾನೆಯಲ್ಲಿ ‘ದಿ ವಾಂಡರರ್’ ಎಂಬ ಗಾಡಿ ಮಾಡಿಸಿದರು. ಮಹಾಗನಿ ಮರದ ಕೆಲಸ, ಸುಮಾರು ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ರೋಮಾ ಜನರ, ಅಂದರೆ ಆಗಿನ ಮಾತಿನಲ್ಲಿ ಜಿಪ್ಸಿಗಳ, ಬಂಡಿಗಳನ್ನು ನೋಡಿಯೇ ಅವರಿಗೆ ಈ ಆಸೆ ಹುಟ್ಟಿದ್ದು. ಅದೇ ವರ್ಷ ಇಂಗ್ಲೆಂಡಿನ ಟ್ವೈಫೋರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ದಾರಿ ಹೇಗಿದೆ ನೋಡಲು ಸೇವಕನೊಬ್ಬ ಮೂರು ಚಕ್ರದ ಸೈಕಲ್ ತುಳಿದು ಮುಂದೆ ಹೋಗುತ್ತಿದ್ದ. ಸಂಜೆಯಾದರೆ ಹುಲ್ಲುಗಾವಲನ್ನೋ ಹೋಟೆಲಿನ ಹಿತ್ತಲನ್ನೋ ಕೇಳಿಕೊಂಡು ನಿಲ್ಲುವುದು. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಇದಕ್ಕೆ ಹೆಸರು. 1907ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿದಾಗ ಸ್ಟೇಬಲ್ಸ್ ಅದರ ಉಪಾಧ್ಯಕ್ಷರಲ್ಲಿ ಒಬ್ಬರಾದರು.

ಜರ್ಮನಿಯಲ್ಲಿ ಈ ಗಾಡಿ ಹುಟ್ಟಿದ್ದು ಒಂದು ಮದುವೆಯ ನೆಪದಲ್ಲಿ. ಆಲ್ಗೊಯ್ ಸೀಮೆಯ ಇಸ್ನಿ ಊರಿನ ಆರಿಸ್ಟ್ ಡೆಟ್‌ಲೆಫ್ಸ್ ಅವರ ಮನೆತನದ್ದು ಚಾಟಿ ಮತ್ತು ಸ್ಕೀ ಕೋಲು ಮಾಡುವ ಕಸುಬು. ಮಾಲು ಮಾರಲು ವಾರಗಟ್ಟಲೆ ಊರೂರು ತಿರುಗುತ್ತಿದ್ದರು. ಮದುವೆಯಾಗಲಿದ್ದ ಫ್ರಿಡೆಲ್ ಎಡೆಲ್‌ಮನ್ ನಿಸರ್ಗಚಿತ್ರ ಬರೆಯುವ ಕಲಾವಿದೆ. ಇಬ್ಬರೂ ಜೊತೆಗೇ ತಿರುಗುವಂತಿರಬೇಕು, ನಾನು ಅಲ್ಲೇ ಚಿತ್ರ ಬರೆಯುವಂತಿರಬೇಕು, ಅಂಥ ಗಾಡಿಯೊಂದು ಬೇಕು ಎಂದರು. 1931ರಲ್ಲಿ ಡೆಟ್‌ಲೆಫ್ಸ್ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯನ್ನು ಮಾಡಿಯೇಬಿಟ್ಟರು. ಇವತ್ತಿಗೂ ಆ ಹೆಸರಿನ ಗಾಡಿಗಳು ಇಸ್ನಿಯಲ್ಲೇ ತಯಾರಾಗುತ್ತವೆ.

ಯುದ್ಧ ಮುಗಿದ ಮೇಲೆ, 1950ರಲ್ಲಿ, ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಬಂತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಕೂರಿಸುವ ‘ಕ್ಯಾಂಪಿಂಗ್ ಬಾಕ್ಸ್’ ಹೊರತಂದಿತು. ವಾರವೆಲ್ಲ ಅದೇ ವ್ಯಾನಿನಲ್ಲಿ ಸರಕು ಸಾಗಿಸಿ, ಶನಿವಾರ ಪೆಟ್ಟಿಗೆ ಒಳಗಿಟ್ಟರೆ ಹಾಸಿಗೆ, ಕಪಾಟು ಸಮೇತ ಮನೆಯಾಗುತ್ತಿತ್ತು. ಮಧ್ಯಮವರ್ಗಕ್ಕೆ ಈ ಸುಖ ಕೈಗೆಟುಕಿದ್ದು ಹೀಗೆ. ಬಾಡ್ ವಾಲ್ಡ್‌ಸೀಯ ಎರ್ವಿನ್ ಹೈಮರ್ 1961ರಲ್ಲಿ ಬೋರ್ಗ್‌ವಾರ್ಡ್ ವ್ಯಾನಿನ ಮೇಲೆ ಮೋಟರ್‌ಹೋಮ್ ಕಟ್ಟಿದರು. ಅದೇ ವರ್ಷ ಬೋರ್ಗ್‌ವಾರ್ಡ್ ಕಂಪನಿ ಮುಳುಗಿತು. ಹೈಮರ್ ಹತ್ತು ವರ್ಷ ಕಾದು ಮತ್ತೆ ಕೈಹಾಕಿದರು.

ಗಾಡಿಗಳು ಹೆಚ್ಚಿದಷ್ಟೂ ಜಾಗದ ಪ್ರಶ್ನೆ ಬಿಗಿಯಾಯಿತು. ಫ್ರಾನ್ಸಿನಲ್ಲಿ 1936ರಲ್ಲಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಸಿಕ್ಕಿತ್ತು. ರಜೆಗೆಂದು ಹೊರಟವರಿಗಾಗಿ ಮುಂದೆ ಸಣ್ಣ ಸಣ್ಣ ಊರುಗಳ ಆಡಳಿತವೂ ಹೊಳೆಬದಿಯಲ್ಲಿ ಅಗ್ಗದ ಕ್ಯಾಂಪ್‌ಸೈಟ್ ತೆರೆಯಿತು. ನೆದರ್ಲೆಂಡ್ಸ್‌ನ ಶಾಲಾ ಮೇಷ್ಟ್ರು ಎಡ್ ವಾನ್ ರೇನೆ, ಎಲ್ಲಿ ಹೋದರೂ ‘ಜಾಗ ಭರ್ತಿ’ ಎನ್ನುವ ಉತ್ತರಕ್ಕೆ ಪರಿಹಾರ ಹುಡುಕುತ್ತ 1965ರಲ್ಲಿ ಎಸಿಎಸ್ಐ ಎಂಬ ಸಂಸ್ಥೆ ಶುರುಮಾಡಿದರು. ಅದರ ದಪ್ಪ ಕ್ಯಾಂಪ್‌ಸೈಟ್ ಕೈಪಿಡಿ ಇಂದಿಗೂ ಎಷ್ಟೋ ಗಾಡಿಗಳ ಕಪಾಟಿನಲ್ಲಿದೆ.

ಬ್ರಿಟನ್ನಿನ 1960ರ ಕ್ಯಾರವಾನ್ ಕಾಯಿದೆಯನ್ನು ಮಾತ್ರ ಎರಡೂ ಬದಿಯಿಂದ ನೋಡಬೇಕು. ಅದು ಕ್ಲಬ್ಬುಗಳಿಗೆ ಒಂದು ರಿಯಾಯಿತಿ ಕೊಟ್ಟಿತು: ಕ್ಲಬ್ ಪ್ರಮಾಣಪತ್ರ ಕೊಟ್ಟರೆ ಸಾಕು, ರೈತ ಬೇರೆ ಪರವಾನಗಿ ಇಲ್ಲದೆ ತನ್ನ ಹೊಲದಲ್ಲಿ ಐದು ಗಾಡಿಗಳವರೆಗೆ ನಿಲ್ಲಿಸಿಕೊಳ್ಳಬಹುದು. ಐದೇ ಗಾಡಿಯ ಆ ಹಸಿರು ಅಂಗಳಗಳು ಇಂಗ್ಲೆಂಡಿನ ಅತ್ಯಂತ ಚೆಂದದ ತಂಗುದಾಣಗಳಾದವು. ಅದೇ ಕಾಯಿದೆ ರೋಮಾ ಜನ ತಲೆತಲಾಂತರದಿಂದ ಬೀಡುಬಿಡುತ್ತಿದ್ದ ಗೋಮಾಳಗಳಿಂದ ಅವರನ್ನು ಎಬ್ಬಿಸುವ ಅಧಿಕಾರವನ್ನೂ ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಯಾರ ಬಂಡಿ ನೋಡಿ ಈ ವಿಹಾರ ಹುಟ್ಟಿತೋ ಅವರೇ ಜಾಗ ಕಳೆದುಕೊಂಡರು. ಇದು ದೊಡ್ಡ ಅನ್ಯಾಯ; ಈ ಪಯಣದ ಸೊಬಗು ಹೇಳುವವರು ಇದನ್ನೂ ಹೇಳಬೇಕು.

ಗಡಿಗಳ ಮಾತಿಗೆ ಬಂದರೆ ಮತ್ತೆ ಮೋಸೆಲ್ ನದಿಗೇ ಬರಬೇಕು. ನಮ್ಮವರು ವೀಸಾ ಅರ್ಜಿ ತುಂಬುವಾಗ ಕೇಳುವ ಶೆಂಗೆನ್, ಇದೇ ನದಿಯ ದಂಡೆಯಲ್ಲಿರುವ ಲಕ್ಸೆಂಬರ್ಗಿನ ಪುಟ್ಟ ಹಳ್ಳಿ. 1985ರ ಜೂನ್ 14ರಂದು ಅಲ್ಲಿ ಹಡಗಿನ ಮೇಲೆ ಕುಳಿತು ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರ ಮಾರ್ಚ್‌ನಲ್ಲಿ ಗಡಿ ತಪಾಸಣೆ ಎದ್ದುಹೋಯಿತು. ಗಡಿ ತೆರೆದರೂ ಕಾನೂನು ಒಂದಾಗಲಿಲ್ಲ. ಇಟಲಿಯ ರಸ್ತೆ ಸಂಹಿತೆಯ 185ನೇ ಕಲಮಿನ ಪ್ರಕಾರ, ಗಾಡಿ ಚಕ್ರಗಳ ಮೇಲೆ ಮಾತ್ರ ನಿಂತಿದ್ದರೆ, ನೀರು ಚೆಲ್ಲದಿದ್ದರೆ, ತನ್ನ ಅಳತೆಗಿಂತ ಹೆಚ್ಚು ಜಾಗ ಹಿಡಿಯದಿದ್ದರೆ ಅದು ಬರೀ ಪಾರ್ಕಿಂಗ್. ಕುರ್ಚಿ ಹೊರಗೆ ಹಾಕಿದರೆ ಕ್ಯಾಂಪಿಂಗ್. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ಪಾರ್ಕಿಂಗ್ ಜಾಗದಲ್ಲಿ ಒಂದು ರಾತ್ರಿ ಮಲಗಬಹುದು. ಪೋರ್ಚುಗಲ್ 2021ರ ಆರಂಭದಲ್ಲಿ, ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೂ ರಾತ್ರಿ ತಂಗಬಾರದೆಂದಿತು. ಅದೇ ವರ್ಷ ನಿಯಮ ಸಡಿಲಿಸಿತು. ಅಲ್ಲಿನವರ ಸಿಟ್ಟಿಗೆ ಕಾರಣವಿತ್ತು. ಸಮುದ್ರದ ಬಂಡೆಗಳ ಮೇಲೆ ಗಾಡಿ ನಿಲ್ಲಿಸಿ, ಕಸವನ್ನೂ ಹೊಲಸನ್ನೂ ಬಿಟ್ಟುಹೋದರೆ ಯಾವ ಊರು ಸಹಿಸೀತು?

ಅದಕ್ಕೇ ಸ್ಟೆಲ್‌ಪ್ಲಾಟ್ಸ್‌ನ ಮೂಲೆಯಲ್ಲಿರುವ ಕಬ್ಬಿಣದ ಕಂಬ ನನಗೆ ಇಡೀ ಏರ್ಪಾಟಿನ ಮುಖ್ಯ ವಸ್ತುವಾಗಿ ಕಾಣುತ್ತದೆ. ನಾಣ್ಯ ಹಾಕಿದರೆ ಕುಡಿಯುವ ನೀರು. ಪಕ್ಕದ ಜಾಲರಿಯ ಮೇಲೆ ಗಾಡಿ ನಿಲ್ಲಿಸಿ ಕವಾಟ ತಿರುವಿದರೆ ಮುಸುರೆ ನೀರು ಹರಿದುಹೋಗುತ್ತದೆ. ಶೌಚದ ಡಬ್ಬಿಯನ್ನು ಗಾಡಿಯ ಮಗ್ಗುಲ ಬಾಗಿಲಿನಿಂದ ಎಳೆದು ತಂದು ಸುರಿಯಲು ಬೇರೆಯೇ ಬಾಯಿ. ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಸಾಲಿನಲ್ಲಿ ನಿಂತು ತಮ್ಮ ಡಬ್ಬಿ ತಾವೇ ತೊಳೆದು ಹೋಗುತ್ತಾರೆ.

ಇವೆಲ್ಲದರಲ್ಲಿ ನನ್ನ ಮೆಚ್ಚಿನದು 1993ರಲ್ಲಿ ಶುರುವಾದ ‘ಫ್ರಾನ್ಸ್ ಪ್ಯಾಶನ್’. ವರ್ಷದ ಕೈಪಿಡಿ ಕೊಂಡು ಗಾಜಿಗೆ ಚೀಟಿ ಅಂಟಿಸಿಕೊಂಡರೆ, ದ್ರಾಕ್ಷಿ ಬೆಳೆಗಾರರು, ಚೀಸ್ ಮಾಡುವವರು, ಜೇನು ಸಾಕುವವರು ತಮ್ಮ ಅಂಗಳದಲ್ಲಿ 24 ಗಂಟೆ ಉಚಿತವಾಗಿ ನಿಲ್ಲಲು ಬಿಡುತ್ತಾರೆ. ಏನನ್ನೂ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಬಂದಾಗ ಮಾತಾಡಿಸಬೇಕು, ಹೊರಡುವಾಗ ಹೇಳಿ ಹೊರಡಬೇಕು, ಅಷ್ಟೇ.

ಯುರೋಪಿನಲ್ಲಿ ನೆಲೆಸಿದ ಕನ್ನಡಿಗರು, ಇಲ್ಲಿಂದ ಮಕ್ಕಳನ್ನು ನೋಡಲು ಹೋಗುವ ಹಿರಿಯರು, ಒಮ್ಮೆ ಹೀಗೆ ಹೊರಟು ನೋಡಿ. 3,500 ಕಿಲೋವರೆಗಿನ ಗಾಡಿಗೆ ಅಲ್ಲಿನ ಕಾರಿನ ಲೈಸೆನ್ಸೇ ಸಾಕು. ಗ್ಯಾಸ್ ಸಿಲಿಂಡರಿನ ಬಾಯಿ ದೇಶಕ್ಕೊಂದು ತರಹ ಇರುವುದರಿಂದ ತುಂಬಿಸಿಕೊಂಡೇ ಹೊರಡಿ. ಶೌಚದ ಡಬ್ಬಿಯನ್ನು ಸುರಿಯಬೇಕಾದ ಜಾಗದಲ್ಲೇ ಸುರಿಯಿರಿ. ರೈತನ ಅಂಗಳದಲ್ಲಿ ನಿಂತರೆ, ಕಟ್ಟುಪಾಡಿಲ್ಲದಿದ್ದರೂ, ಅವನಲ್ಲಿ ಒಂದು ಬಾಟಲಿ ಜೇನು ಕೊಂಡುಕೊಳ್ಳಿ.